ಊಟ ತನ್ನಿಚ್ಛೆ: ಮಗು ಬಾಯಿ ತೆರೀದೇ ಇದ್ರೆ ಏನು ಮಾಡೋದು?



ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ನನ್ನ ಮಗಳಿಗೆ ಆಗ ಒಂದು ವರ್ಷ ಎಂಟು ತಿಂಗಳು. ರಾತ್ರಿ ಎಂಟೂವರೆ ಹೊತ್ತು. ಅನ್ನ, ತಿಳಿಸಾರು, ತುಪ್ಪ ಹಾಕಿ ನುಣ್ಣಗೆ ಕಲಸಿದ ಬಟ್ಟಲು ನನ್ನ ಹೆಂಡತಿ ಕೈಲಿ. ಮಗಳು ನನ್ನ ತೊಡೆ ಮೇಲೆ. ಎದುರಿಗೆ ನೀರಿನ ಜಗ್ಗಿಗೆ ಒರಗಿಸಿಟ್ಟ ಮೊಬೈಲಲ್ಲಿ ಕಾರ್ಟೂನ್ ಓಡ್ತಿದೆ. ಮುಕ್ಕಾಲು ಗಂಟೆ ಆದ್ರೂ ಆರು ತುತ್ತು ಒಳಗೆ ಹೋಗಿಲ್ಲ. ನನಗೆ ತಾಳ್ಮೆ ಕೆಟ್ಟಿತು. ಅವಳ ಎರಡೂ ಕೈ ಗಟ್ಟಿಯಾಗಿ ಹಿಡ್ಕೊಂಡೆ. ಅಳೋಕೆ ಅಂತ ಬಾಯಿ ತೆರೆದಾಗ ಒಂದು ತುತ್ತು ತುರುಕಿದ್ವಿ. ಕೆಮ್ಮು ಬಂತು. ಅದುವರೆಗೆ ತಿಂದಿದ್ದೆಲ್ಲ ನನ್ನ ಅಂಗಿ ಮೇಲೆ ವಾಂತಿ ಆಯ್ತು.

ಮಾರನೇ ದಿನ ಬೆಳಿಗ್ಗೆ ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿದ್ದೇ ತಡ, ಅವಳು ಓಡಿಹೋಗಿ ಸೋಫಾ ಹಿಂದೆ ಅಡಗಿ ಕೂತಳು. ನನ್ನನ್ನ ನೋಡಿ ನನ್ನ ಮಗಳು ಅಡಗಿದ್ದು ಅದೇ ಮೊದಲು.

ಆವತ್ತಿಂದ ನಾನು ಓದಿದ್ದು, ಮಕ್ಕಳ ಡಾಕ್ಟರ ಹತ್ರ ಕೇಳಿ ತಿಳ್ಕೊಂಡಿದ್ದು, ಮನೇಲಿ ಮಾಡಿ ನೋಡಿದ್ದು, ಇದಿಷ್ಟೂ ಈ ಸಂಚಿಕೆಯಲ್ಲಿದೆ. ಒಂದೇ ಮಾತಲ್ಲಿ ಹೇಳೋದಾದ್ರೆ: ಏನು, ಯಾವಾಗ, ಎಲ್ಲಿ ಊಟ ಅನ್ನೋದು ನಮ್ಮ ಕೆಲಸ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಕೆಲಸ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಲ್ಲಿ ಇದನ್ನ ಒಂದು ಸೂತ್ರವಾಗಿ ಹೇಳಿದ್ರು. ಕೇಳೋಕೆ ಬಹಳ ಸುಲಭ. ಮಾಡೋಕೆ ಹೋದ್ರೆ ಎದೆ ಡವಗುಟ್ಟುತ್ತೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು, ಮಗುವಿಗೆ ನಿಜವಾಗ್ಲೂ ಎಷ್ಟು ಬೇಕು?

"ಮೊದಲು ಚೆನ್ನಾಗಿ ತಿಂತಿತ್ತು, ವರ್ಷ ತುಂಬಿದ ಮೇಲೆ ಏನೂ ತಿನ್ನಲ್ಲ." ಈ ಮಾತು ಹೇಳದ ಅಪ್ಪ ಅಮ್ಮ ಕಡಿಮೆ. ಇದಕ್ಕೆ ಕಾರಣ ಮಗುವಿನ ಬೆಳವಣಿಗೆಯಲ್ಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ನೋಡಿ. ಹುಟ್ಟಿದಾಗ ಮೂರು ಕೆ.ಜಿ. ಚಿಲ್ಲರೆ ಇರೋ ಮಗು ಒಂದು ವರ್ಷಕ್ಕೆ ಸುಮಾರು 9ರಿಂದ 9.6 ಕೆ.ಜಿ. ಆಗುತ್ತೆ. ಅಂದ್ರೆ ಹನ್ನೆರಡು ತಿಂಗಳಲ್ಲಿ ಆರು ಕೆ.ಜಿ. ಏರಿಕೆ. ಎರಡನೇ ವರ್ಷದಲ್ಲಿ? ಬರೀ ಎರಡೂವರೆ ಕೆ.ಜಿ. ಎರಡು ವರ್ಷ ತುಂಬಿದಾಗ ಹೆಣ್ಣುಮಗುವಿನ ನಡುಮಟ್ಟದ ತೂಕ 11.5 ಕೆ.ಜಿ., ಗಂಡುಮಗುವಿನದು 12.2 ಕೆ.ಜಿ. ಬೆಳೆಯೋ ವೇಗ ಅರ್ಧಕ್ಕಿಂತ ಕಡಿಮೆಯಾದಾಗ ಹಸಿವೂ ತಗ್ಗುತ್ತೆ. ಆದ್ರೆ ನಮ್ಮ ಬಟ್ಟಲು ಮಾತ್ರ ದೊಡ್ಡದಾಗ್ತಾ ಹೋಗಿರುತ್ತೆ.

ಒಂದು ಅಂದಾಜು ಲೆಕ್ಕ ಇಟ್ಕೊಳ್ಳಿ. ಪ್ರತಿ ಪದಾರ್ಥಕ್ಕೆ, ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ದೊಡ್ಡ ಚಮಚ. ಎರಡು ವರ್ಷದ ಮಗುವಿಗೆ ಎರಡು ಚಮಚ ಅನ್ನ, ಎರಡು ಚಮಚ ಬೇಳೆ, ಎರಡು ಚಮಚ ಪಲ್ಯ ಬಡಿಸಿದ್ರೆ ಅದು ಒಂದು ಬಡಿಕೆ. ಇನ್ನೂ ಬೇಕಾದ್ರೆ ಅದೇ ಕೇಳುತ್ತೆ. ನಾನು ಇದನ್ನ ಮೊದಲ ಸಲ ಅಳೆದು ತಟ್ಟೆಗೆ ಹಾಕಿದಾಗ, "ಇಷ್ಟೇನಾ!" ಅಂತ ನಗು ಬಂತು. ನಾವು ಒಂದೇ ಹೊತ್ತಿಗೆ ಅದರ ಮೂರುಪಟ್ಟು ತಿನ್ನಿಸೋಕೆ ಒದ್ದಾಡ್ತಿದ್ವಿ.

ಇನ್ನೊಂದು ವಿಷಯ. ಮಗು ಒಂದು ಹೊತ್ತು ಗಬಗಬ ತಿನ್ನುತ್ತೆ, ಇನ್ನೊಂದು ಹೊತ್ತು ಮೂಸಿ ನೋಡಿ ಎದ್ದು ಹೋಗುತ್ತೆ. ಒಂದು ಊಟ ನೋಡಿ ಅಳೀಬೇಡಿ. ಒಂದು ವಾರದ ಊಟ ಒಟ್ಟಿಗೆ ನೋಡಿ. ಜ್ವರ, ನೆಗಡಿ ಬಂದಾಗ, ಹಲ್ಲು ಬರೋವಾಗ ಇನ್ನೂ ಕಡಿಮೆ ಆಗುತ್ತೆ. ಆ ದಿನಗಳಲ್ಲಿ ನೀರು, ಗಂಜಿ, ಎಳನೀರು ಹೋಗ್ತಿದ್ಯಾ ಅಂತ ಗಮನಿಸಿ. ಹುಷಾರಾದ ಮೇಲೆ ಹಸಿವು ತಾನಾಗಿ ವಾಪಸ್ ಬರುತ್ತೆ.

ಹೊಸದು ಕಂಡ್ರೆ ಯಾಕೆ ಮುಖ ತಿರುಗಿಸುತ್ತೆ?

ಎಂಟು ತಿಂಗಳಲ್ಲಿ ಪಾಲಕ್, ಕುಂಬಳಕಾಯಿ ಎಲ್ಲ ತಿಂದ ಮಗು ಎರಡು ವರ್ಷಕ್ಕೆ ಹಸಿರು ಕಂಡ್ರೆ ಸಾಕು, "ಬೇಡ" ಅನ್ನುತ್ತೆ. ಇದು ಹಟ ಅಂತ ನಾವು ಅಂದ್ಕೊಳ್ತೀವಿ. ಸಾಮಾನ್ಯವಾಗಿ ಎರಡರಿಂದ ಆರು ವರ್ಷದ ನಡುವೆ ಮಕ್ಕಳಲ್ಲಿ ಹೊಸ ಆಹಾರದ ಬಗ್ಗೆ ಒಂದು ಅಳುಕು ಇರುತ್ತೆ. ವಿಜ್ಞಾನಿಗಳು ಇದಕ್ಕೆ ಕೊಡೋ ವಿವರಣೆ ನನಗೆ ಇಷ್ಟ ಆಯ್ತು. ನಡೆಯೋಕೆ ಕಲಿತ ಮಗು ಅಮ್ಮನ ಕಣ್ಣು ತಪ್ಪಿಸಿ ಎಲ್ಲೆಂದರಲ್ಲಿ ಹೋಗುತ್ತೆ. ಕಂಡ ಸೊಪ್ಪು, ಕಾಯಿ ಎಲ್ಲ ಬಾಯಿಗೆ ಹಾಕಿದ್ರೆ ಕಥೆ ಮುಗೀತು. ಗೊತ್ತಿಲ್ಲದ್ದನ್ನ ಬೇಡ ಅನ್ನೋ ಮಗು ಉಳೀತು. ಆ ಎಚ್ಚರವೇ ಇವತ್ತು ನಮ್ಮ ಹುರುಳಿಕಾಯಿ ಪಲ್ಯದ ಮೇಲೆ ಪ್ರಯೋಗ ಆಗ್ತಿದೆ.

ಈ ಅಳುಕು ಹೋಗೋಕೆ ಪರಿಚಯ ಬೇಕು. ಒಂದು ಹೊಸ ತಿನಿಸು ಮಗುವಿಗೆ ಒಗ್ಗೋಕೆ ಎಂಟರಿಂದ ಹದಿನೈದು ಸಲ ಕಣ್ಣೆದುರು ಬರಬೇಕಾಗಬಹುದು. ನೋಡೋದು, ಮುಟ್ಟೋದು, ನೆಕ್ಕಿ ಉಗಿಯೋದು, ಇವೂ ಲೆಕ್ಕಕ್ಕೆ ಸೇರುತ್ತವೆ. ನಾವು ಏನು ಮಾಡ್ತೀವಿ? ಮೂರು ಸಲ ಇಟ್ಟು, "ಇವಳಿಗೆ ಕ್ಯಾರೆಟ್ ಆಗಲ್ಲ" ಅಂತ ತೀರ್ಪು ಕೊಟ್ಟುಬಿಡ್ತೀವಿ.

ಬಲವಂತ ಮಾಡಿದ್ರೆ ಏನಾಗುತ್ತೆ?

2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಪುಟ್ಟ ಮಕ್ಕಳ ಜೊತೆ ಒಂದು ಸರಳ ಪ್ರಯೋಗ ಮಾಡಿದ್ರು. ಮಕ್ಕಳಿಗೆ ಎರಡು ಬಗೆ ಸೂಪ್. ಒಂದನ್ನ ಕೊಡುವಾಗ, "ಸೂಪ್ ಪೂರ್ತಿ ಮುಗಿಸಿ" ಅಂತ ಮತ್ತೆ ಮತ್ತೆ ಹೇಳೋದು. ಇನ್ನೊಂದನ್ನ ಕೊಟ್ಟು ಸುಮ್ಮನಿರೋದು. ಒತ್ತಾಯ ಇಲ್ಲದ ಸೂಪನ್ನೇ ಮಕ್ಕಳು ಹೆಚ್ಚು ಕುಡಿದ್ರು. ಒತ್ತಾಯದ ಸೂಪಿನ ಬಗ್ಗೆ ದೂರಿದ್ದೂ ಹೆಚ್ಚು. ಗಮನಿಸಿ, ಅಲ್ಲಿ ಯಾರೂ ಕೈ ಹಿಡಿದಿರಲಿಲ್ಲ, ಬೈದಿರಲಿಲ್ಲ. ಬರೀ ಮಾತಿಗೇ ಹೀಗೆ.

ನಮ್ಮ ಮನೆಗಳಲ್ಲಿ ಬಲವಂತಕ್ಕೆ ಹಲವು ವೇಷ. "ಗುಮ್ಮ ಬರ್ತಾನೆ ನೋಡು." "ತಿನ್ನದಿದ್ರೆ ಡಾಕ್ಟರು ಚುಚ್ಚಿ ಮಾಡ್ತಾರೆ." "ಇದೊಂದು ತುತ್ತು ಅಜ್ಜಿದು, ಇದು ತಾತಂದು." "ಪಲ್ಯ ತಿಂದ್ರೆ ಚಾಕೊಲೇಟ್." ಕೊನೆಯದು ಲಂಚ. ಅದರಿಂದ ಮಗು ಕಲಿಯೋ ಪಾಠ ಏನಂದ್ರೆ, ಪಲ್ಯ ಅನ್ನೋದು ಶಿಕ್ಷೆ, ಚಾಕೊಲೇಟ್ ಬಹುಮಾನ. ಇನ್ನು ಮೂಗು ಹಿಡಿದು, ಮಲಗಿಸಿ ತುರುಕೋದಂತೂ ಅಪಾಯ. ಅಳೋ ಮಗುವಿನ ಶ್ವಾಸನಾಳಕ್ಕೆ ಅನ್ನ ಹೋಗಬಹುದು. ಆ ರಾತ್ರಿ ನಮಗೆ ಬರೀ ವಾಂತಿಯಲ್ಲಿ ಮುಗೀತು. ಅದು ನಮ್ಮ ಅದೃಷ್ಟ.

ಮೊಬೈಲ್ ತೋರಿಸಿದ್ರೆ ತಿನ್ನುತ್ತಲ್ಲ?

ತಿನ್ನುತ್ತೆ, ನಿಜ. ಪರದೆ ನೋಡ್ತಿರೋ ಮಗುವಿಗೆ ಬಾಯಲ್ಲಿ ಏನಿದೆ ಅನ್ನೋ ಗಮನ ಇರಲ್ಲ. ಹಾಗೇ ಹೊಟ್ಟೆ ತುಂಬಿತು ಅನ್ನೋದೂ ಗೊತ್ತಾಗಲ್ಲ. ಹಸಿವು, ತೃಪ್ತಿ, ರುಚಿ, ಅಗಿಯೋದು, ಇವೆಲ್ಲ ಕಲಿಯಬೇಕಾದ ವಯಸ್ಸಲ್ಲಿ ಆ ಪಾಠವೇ ತಪ್ಪಿಹೋಗುತ್ತೆ. ಸ್ವಲ್ಪ ದಿನದಲ್ಲಿ ಫೋನ್ ಇಲ್ಲದೆ ಬಾಯೇ ತೆರೆಯಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅನ್ನೋದು ಭಾರತೀಯ ಮಕ್ಕಳ ತಜ್ಞರ ಸಂಘ, ಅಂದ್ರೆ ಐಎಪಿಯ ಸಲಹೆ.

ನಮ್ಮ ಅಜ್ಜಿಯಂದಿರು ಚಂದಮಾಮನ್ನ ತೋರಿಸಿ ತಿನ್ನಿಸಲಿಲ್ವಾ ಅಂತ ನೀವು ಕೇಳಬಹುದು. ಅಲ್ಲಿ ಮಗುವಿನ ಮುಖ ನೋಡ್ತಾ ಮಾತಾಡೋ ಒಬ್ಬ ಮನುಷ್ಯ ಇದ್ರು. ಮಗು ಸಾಕು ಅಂದಿದ್ದು ಅವರಿಗೆ ಕಾಣ್ತಿತ್ತು. ಫೋನಿಗೆ ಅದು ಕಾಣಲ್ಲ.

ನಮ್ಮ ಮನೆಯ ಕಳ್ಳ ಸಿಕ್ಕಿದ್ದು ಹಾಲಿನ ಬಾಟಲಿಯಲ್ಲಿ

ಸೋಫಾ ಹಿಂದೆ ಅಡಗಿದ ಆ ದಿನವೇ ಮಕ್ಕಳ ಡಾಕ್ಟರ ಹತ್ರ ಹೋದ್ವಿ. ಹಸಿವಾಗೋ ಸಿರಪ್ ಬರೆದುಕೊಡಿ ಅಂತ ಕೇಳಿದೆ. ಅವರು ತೂಕ ಮಾಡಿದ್ರು, 9.4 ಕೆ.ಜಿ. ತಾಯಿ ಕಾರ್ಡಿನ ಗ್ರಾಫಲ್ಲಿ ಚುಕ್ಕಿ ಇಟ್ಟು ತೋರಿಸಿದ್ರು. ಹುಟ್ಟಿನಿಂದಲೂ ಅವಳದ್ದು ನಡುಗೆರೆಗಿಂತ ಸ್ವಲ್ಪ ಕೆಳಗಿನ ಹಾದಿ, ಆ ಹಾದಿ ಬಿಟ್ಟು ಜಾರಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು. "ದಿನಕ್ಕೆ ಎಷ್ಟು ಹಾಲು?"

ನಾವು ಲೆಕ್ಕ ಹಾಕಿದ್ವಿ. ಬೆಳಿಗ್ಗೆ ಎದ್ದ ತಕ್ಷಣ ಒಂದು ಬಾಟಲಿ. ಮಧ್ಯಾಹ್ನ ಊಟ ಮಾಡಲಿಲ್ಲ, ಹಾಲಾದ್ರೂ ಕುಡೀಲಿ ಅಂತ ಒಂದು. ಸಂಜೆ ಒಂದು. ರಾತ್ರಿ ಖಾಲಿ ಹೊಟ್ಟೇಲಿ ಮಲಗಬಾರದು ಅಂತ ಒಂದು. ನಡುರಾತ್ರಿ ಇನ್ನೊಂದು. ಹತ್ತಿರ ಹತ್ತಿರ ಒಂದು ಲೀಟರ್! ಅವಳ ಪುಟ್ಟ ಹೊಟ್ಟೆ ದಿನವಿಡೀ ತುಂಬಿಯೇ ಇರ್ತಿತ್ತು. ಊಟ ಎಲ್ಲಿಗೆ ಹೋಗಬೇಕು?

ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.6. ರಕ್ತಹೀನತೆ. ಆ ಸಂಖ್ಯೆ ನೋಡಿ ನನ್ನ ಹೆಂಡತಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ದಿನಾ ಇಷ್ಟು ಕಷ್ಟಪಟ್ಟು ತಿನ್ನಿಸಿದ್ದು ಏನಾಯ್ತು ರೀ?" ಅಂದಳು.

ಹಾಲು ಒಳ್ಳೆಯದೇ. ಆದ್ರೆ ಅದರಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಒಂದು ಲೀಟರ್ ಹಸುವಿನ ಹಾಲಲ್ಲಿ ಒಂದು ಮಿಲಿಗ್ರಾಂ ಕೂಡ ಇರಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕು ಅನ್ನುತ್ತೆ ಐಸಿಎಂಆರ್. ಜೊತೆಗೆ ಹಾಲಿನ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣ ದೇಹಕ್ಕೆ ಸೇರೋದನ್ನೂ ತಡೆಯುತ್ತೆ. ರಕ್ತಹೀನತೆ ಆದ ಮಗುವಿಗೆ ಹಸಿವೇ ಇರಲ್ಲ. ಹಸಿವಿಲ್ಲ ಅಂತ ನಾವು ಮತ್ತೆ ಹಾಲು ಕುಡಿಸ್ತೀವಿ. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 400ರಿಂದ 500 ಮಿ.ಲೀ. ಹಾಲು ಸಾಕು.

ಇದು ನಮ್ಮೊಬ್ಬರ ಮನೆ ಕಥೆ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರೋರು ದೇಶದಲ್ಲಿ ಶೇ 67.1, ಕರ್ನಾಟಕದಲ್ಲಿ ಶೇ 65.5. ಮೂರರಲ್ಲಿ ಸುಮಾರು ಇಬ್ಬರು. ಕಾರಣಗಳು ಹಲವು, ಹಾಲು ಒಂದು ಮಾತ್ರ. ಇದಕ್ಕೇ ಅಂತ ಸರ್ಕಾರದ ಯೋಜನೆಯಲ್ಲಿ ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಕೊಡೋ ಕಬ್ಬಿಣದ ಸಿರಪ್ ಇದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಜಂತುಹುಳುವಿನ ಮಾತ್ರೆಯೂ ಇದೆ. ನಿಮ್ಮ ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆ ಹತ್ರ ಕೇಳಿ. ನಮ್ಮ ಮಗಳಿಗೆ ಡಾಕ್ಟರು ಅವಳ ತೂಕಕ್ಕೆ ತಕ್ಕ ಕಬ್ಬಿಣದ ಡ್ರಾಪ್ಸ್ ಬರೆದುಕೊಟ್ರು. ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಬೇಕು, ಹೆಚ್ಚಾದ್ರೆ ವಿಷ. ಹಸಿವಿನ ಸಿರಪ್ಪನ್ನ ಮಾತ್ರ ಕೊಡಲಿಲ್ಲ. ಅಂಥ ಕೆಲವು ಸಿರಪ್ ಮಗುವಿಗೆ ಮಂಪರು ಬರಿಸುತ್ತವೆ, ನಾವಾಗೇ ಮೆಡಿಕಲ್ ಸ್ಟೋರಿಂದ ತಂದು ಕೊಡಬಾರದು.

ಹಾಗಾದ್ರೆ ನಾವು ಏನು ಬದಲಾಯಿಸಿದ್ವಿ?

ಒಂದು, ಹೊತ್ತು. ಎಂಟಕ್ಕೆ ತಿಂಡಿ, ಹತ್ತೂವರೆಗೆ ಹಣ್ಣು, ಒಂದಕ್ಕೆ ಊಟ, ನಾಲ್ಕೂವರೆಗೆ ಏನಾದ್ರೂ ಪುಟ್ಟ ತಿನಿಸು, ಏಳೂವರೆಗೆ ರಾತ್ರಿ ಊಟ. ನಡುವೆ ನೀರು ಮಾತ್ರ. ಬಿಸ್ಕತ್ತು, ಕುರುಕಲು, ಜ್ಯೂಸ್ ಬಂದ್. ಬಾಟಲಿ ನಿಲ್ಲಿಸಿ ಲೋಟದಲ್ಲಿ ಹಾಲು, ದಿನಕ್ಕೆ ಎರಡು ಸಲ, ಊಟ ಆದ ಮೇಲೆ ಸ್ವಲ್ಪ ಹೊತ್ತು ಬಿಟ್ಟು.

ಎರಡು, ಜಾಗ. ಬಟ್ಟಲು ಹಿಡಿದು ಬಾಲ್ಕನಿ, ಲಿಫ್ಟು, ಬೀದಿನಾಯಿ ಅಂತ ಮೆರವಣಿಗೆ ನಿಂತಿತು. ಎಲ್ಲರೂ ನೆಲದ ಮೇಲೆ ಒಟ್ಟಿಗೆ ಕೂರೋದು. ಎಲ್ಲರ ಫೋನೂ ಒಳಗೆ, ನನ್ನದೂ ಸೇರಿ. ಇಪ್ಪತ್ತರಿಂದ ಮೂವತ್ತು ನಿಮಿಷ ಆದ ಮೇಲೆ ತಟ್ಟೆ ಎತ್ತೋದು. ಬೈಗುಳ ಇಲ್ಲ, ಉದ್ದ ಮುಖ ಇಲ್ಲ.

ಮೂರು, ತಟ್ಟೆ. ನಾವು ತಿನ್ನೋದನ್ನೇ ಖಾರ, ಉಪ್ಪು ಕಡಿಮೆ ಮಾಡಿ ಅವಳಿಗೂ. ಅವಳಿಗೆ ಖಂಡಿತ ಇಷ್ಟ ಅನ್ನೋ ಒಂದು ಪದಾರ್ಥ ಪ್ರತಿ ಊಟದಲ್ಲೂ ಇರುತ್ತೆ, ಮೊಸರನ್ನವೋ, ಬಾಳೆಹಣ್ಣೋ. ಪಕ್ಕದಲ್ಲಿ ಹೊಸದು ಒಂದೇ ಚಮಚ. ತಿನ್ನದಿದ್ರೆ ಬೇರೆ ಅಡುಗೆ ಇಲ್ಲ.

ನಾಲ್ಕು, ಸಾರ. ನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತೆ, ಶಕ್ತಿ ಬರಲ್ಲ. ಸ್ವಲ್ಪ ತಿಂದ್ರೂ ದಕ್ಕಬೇಕು ಅಂದ್ರೆ ಬೇಳೆ, ಸೊಪ್ಪು, ತುಪ್ಪ, ಕಡಲೆಬೀಜದ ಪುಡಿ, ಮೊಟ್ಟೆ ಸೇರಿಸಿ. ರಾಗಿ ದೋಸೆ, ಹುರುಳಿಕಾಳು, ಹೆಸರುಕಾಳು ಒಳ್ಳೆಯದು. ಮಾಂಸ, ಮೀನು ತಿನ್ನೋ ಮನೆಯಾದ್ರೆ ಅದರ ಕಬ್ಬಿಣ ಬೇಗ ಮೈಗೆ ಹತ್ತುತ್ತೆ. ಸೊಪ್ಪು ಕಾಳಿಗೆ ನಿಂಬೆರಸ ಹಿಂಡಿ, ಕಬ್ಬಿಣ ಹೀರಿಕೊಳ್ಳೋಕೆ ಸಹಾಯ ಆಗುತ್ತೆ. ಟೀ ಮಾತ್ರ ಮಕ್ಕಳಿಗೆ ಬೇಡ. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ನಾಲ್ಕು ವರ್ಷದವರೆಗೆ ಕೊಡಬೇಡಿ, ಗಂಟಲಿಗೆ ಸಿಕ್ಕೊಳ್ಳುತ್ತೆ.

ಐದು, ಕೈ. ಅವಳೇ ಕೈಹಾಕಿ ತಿನ್ನೋದು. ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸ್ತೀವಿ. ಅರ್ಧ ತಲೆಗೆ, ಕಾಲುಭಾಗ ನೆಲಕ್ಕೆ, ಉಳಿದದ್ದು ಬಾಯಿಗೆ.

ಮೊದಲ ವಾರದ ಸತ್ಯ

ನಿಜ ಹೇಳ್ತೀನಿ, ಮೊದಲ ನಾಲ್ಕು ದಿನ ನರಕ. ಫೋನ್ ಬೇಕು ಅಂತ ಅತ್ತಳು, ಬಾಟಲಿ ಬೇಕು ಅಂತ ಅತ್ತಳು. ಎರಡನೇ ರಾತ್ರಿ ಮೂರು ತುತ್ತು ಮೊಸರನ್ನ ತಿಂದು ಎದ್ದಳು. ಊರಿಂದ ಬಂದಿದ್ದ ನನ್ನ ಅಮ್ಮನಿಗೆ ತಡೆಯೋಕೆ ಆಗಲಿಲ್ಲ. "ಲೋ, ಮಗೂನ ಉಪವಾಸ ಕೆಡವ್ತೀಯೇನೋ? ದೃಷ್ಟಿ ಆಗಿರುತ್ತೆ, ನಿವಾಳಿಸಿ ಹಾಕ್ತೀನಿ ಇರು" ಅಂತ ಉಪ್ಪು, ಮೆಣಸಿನಕಾಯಿ ತಗೊಂಡು ಬಂದ್ರು.

"ದೃಷ್ಟಿ ತೆಗಿಯಮ್ಮ, ಬೇಡ ಅನ್ನಲ್ಲ. ಆದ್ರೆ ಬಾಟಲಿ ಮಾತ್ರ ಕೊಡಬೇಡ" ಅಂದೆ. ಡಾಕ್ಟರು ಹೇಳಿದ್ದನ್ನ, ಆ 9.6 ಅನ್ನೋ ಸಂಖ್ಯೆಯನ್ನ ಅಮ್ಮನಿಗೆ ಬಿಡಿಸಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರಲ್ಲ. ಅದು ದೊಡ್ಡೋರಿಗೆ ಅಂದ್ಕೊಂಡಿದ್ದೆ" ಅಂದ್ರು.

ಅದೇ ಅಮ್ಮ ಮುಂದೆ ನಮಗಿಂತ ಚೆನ್ನಾಗಿ ಮಾಡಿದ್ರು. ಮೊಮ್ಮಗಳನ್ನ ಪಕ್ಕ ಕೂರಿಸ್ಕೊಂಡು ಅವರೆಕಾಳು ಸುಲಿದ್ರು, ಸೊಪ್ಪು ಬಿಡಿಸಿದ್ರು. ತಿನ್ನು ಅಂತ ಒಂದು ಸಲವೂ ಹೇಳಲಿಲ್ಲ. ಆರನೇ ದಿನ ಮಧ್ಯಾಹ್ನ ನಮ್ಮ ಪುಟ್ಟಿ ಅಜ್ಜಿ ತಟ್ಟೆಗೆ ಕೈಹಾಕಿ ಬಸ್ಸಾರಿನ ಸೊಪ್ಪು ತೆಗೆದು ಬಾಯಿಗೆ ಇಟ್ಕೊಂಡಳು. ಉಗಿದಳು. ಮತ್ತೆ ಇಟ್ಕೊಂಡಳು. ನಾವು ಮೂರೂ ಜನ ನೋಡಿಯೂ ನೋಡದ ಹಾಗೆ ಕೂತಿದ್ವಿ. ಚಪ್ಪಾಳೆ ಹೊಡೀಬೇಕು ಅನ್ನಿಸಿದ್ರೂ ತಡ್ಕೊಂಡ್ವಿ. ಜಾಸ್ತಿ ಹೊಗಳಿಕೆಯೂ ಒಂದು ಬಗೆಯ ಒತ್ತಾಯವೇ.

ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 11.4 ಆಗಿತ್ತು. ಈಗ ಅವಳಿಗೆ ಎರಡೂವರೆ. ಬದನೆಕಾಯಿ ಇವತ್ತಿಗೂ ಮುಟ್ಟಲ್ಲ. ಕೆಲವು ರಾತ್ರಿ ನಾಲ್ಕೇ ತುತ್ತು ತಿಂದು ಏಳ್ತಾಳೆ. ನನ್ನ ಎದೆ ಈಗಲೂ ಡವ ಅನ್ನುತ್ತೆ, ಕೈ ಮಾತ್ರ ಸುಮ್ಮನಿರುತ್ತೆ.

ಯಾವಾಗ ಡಾಕ್ಟರ ಹತ್ರ ಹೋಗಲೇಬೇಕು?

ಎಲ್ಲವನ್ನೂ ಮನೆಯಲ್ಲೇ ನೋಡ್ಕೊಳ್ಳೋಕೆ ಆಗಲ್ಲ. ಇವುಗಳಲ್ಲಿ ಯಾವುದಾದ್ರೂ ಕಂಡ್ರೆ ಕಾಯಬೇಡಿ:

- ತೂಕ ಇಳೀತಿದ್ರೆ, ಅಥವಾ ತಾಯಿ ಕಾರ್ಡಿನ ಗೆರೆಯಿಂದ ಕೆಳಗೆ ಜಾರ್ತಿದ್ರೆ
- ಪ್ರತಿ ಸಲ ತಿನ್ನುವಾಗ ಕೆಮ್ಮು, ಉಸಿರು ಕಟ್ಟೋದು, ನುಂಗೋಕೆ ನೋವು, ಪದೇ ಪದೇ ವಾಂತಿ ಇದ್ರೆ
- ಮುಖ, ಅಂಗೈ ಬಿಳಿಚಿಕೊಂಡಿದ್ರೆ, ಮಗು ಸುಸ್ತಾಗಿ ಮಂಕಾಗಿದ್ರೆ
- ಮಣ್ಣು, ಸೀಮೆಸುಣ್ಣ, ಗೋಡೆ ಸುಣ್ಣ ತಿಂತಿದ್ರೆ
- ತಿನ್ನೋ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಚಿಕ್ಕದಾಗ್ತಾ, ನಾಲ್ಕೈದಕ್ಕೆ ಇಳಿದಿದ್ರೆ
- ಗಟ್ಟಿ ಆಹಾರವನ್ನೇ ಬಾಯಿಗೆ ಸೇರಿಸದಿದ್ರೆ, ಜೊತೆಗೆ ಮಾತು ತಡ, ಕಣ್ಣಿಗೆ ಕಣ್ಣು ಕೊಟ್ಟು ನೋಡೋದು ಕಡಿಮೆ ಇದ್ರೆ
- ಉಚ್ಚೆ ಹೋಗೋದು ತೀರಾ ಕಡಿಮೆಯಾಗಿ, ನೀರನ್ನೂ ಬೇಡ ಅಂದ್ರೆ ಅದೇ ದಿನ

ಹೋಗುವಾಗ ಮೂರು ದಿನ ಮಗು ಏನೇನು ತಿಂತು, ಎಷ್ಟು ಹಾಲು ಕುಡೀತು ಅಂತ ಫೋನಲ್ಲಿ ಬರ್ಕೊಂಡು ಹೋಗಿ. ತಾಯಿ ಕಾರ್ಡ್ ಮರೀಬೇಡಿ.

ಇವತ್ತು ರಾತ್ರಿ ನಿಮ್ಮ ಮನೇಲೂ ಒಂದು ಬಟ್ಟಲು, ಮುಚ್ಚಿದ ಒಂದು ಪುಟ್ಟ ಬಾಯಿ ಎದುರುಬದುರು ಕೂತಿರಬಹುದು. "ಸಾಕು" ಅಂತ ಮಗು ಮುಖ ತಿರುಗಿಸಿದಾಗ ಒಂದೇ ಒಂದು ಸಲ ಅದರ ಮಾತು ನಂಬಿ ನೋಡಿ. ತಟ್ಟೆ ಎತ್ತಿಟ್ಟು, ಬಾಯಿ ಒರೆಸಿ, ಎತ್ಕೊಂಡು ಆಡಿಸಿ. ಬೆಳಿಗ್ಗೆ ಎಂಟಕ್ಕೆ ಮತ್ತೆ ತಿಂಡಿ ಇದ್ದೇ ಇದೆ.

ನಿಮ್ಮ ಮನೆ ಊಟದ ಕಥೆಗಳನ್ನ ನಮಗೂ ಹೇಳಿ.